ಕೊಳಗ ಬೇರೆಯಾದರೆ ಭತ್ತವೂ ಬೇರೆಯೇ? ಸಾಪೇಕ್ಷವಾದವನ್ನು ಕುರಿತು

ಸಾಗರದ ಸೀಮೆಯ ಹಳೆಯ ಮನೆಗಳ ಅಟ್ಟ ಹುಡುಕಿದರೆ ಇಂದಿಗೂ ಒಂದು ಕೊಳಗ ಸಿಗುವುದುಂಟು. ನಮ್ಮ ಮನೆಯದು ಮರದ್ದು. ಬಾಯಿಗೆ ಕಬ್ಬಿಣದ ಪಟ್ಟಿ ಬಡಿದಿದೆ, ಒಳಮೈ ಭತ್ತ ಉಜ್ಜಿ ಉಜ್ಜಿ ನುಣುಪಾಗಿದೆ. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ರೂಢಿಯಿತ್ತು. ಹೆಸರು ಬದಲಾಯಿತೆಂದು ಕೊಳಗದೊಳಗಿನ ಭತ್ತ ಒಂದು ಕಾಳೂ ಹೆಚ್ಚುತ್ತಿರಲಿಲ್ಲ, ಕಡಿಮೆಯಾಗುತ್ತಲೂ ಇರಲಿಲ್ಲ. ಆದರೆ ಅಂಗೈಯಿಂದ ಬಾಯಿಮಟ್ಟಕ್ಕೆ ಸವರಿ ಅಳೆದರೆ ರಾಶಿಯಿಂದ ಹೋಗುವ ಭತ್ತ ಒಂದಷ್ಟು, ಮೇಲೆ ಗೋಪುರ ನಿಲ್ಲುವಂತೆ ತುಂಬಿ ಅಳೆದರೆ ಇನ್ನಷ್ಟು. ಎಣಿಸುವವನ ಬಾಯಲ್ಲಿ ಬರುವ ಸಂಖ್ಯೆ ಮಾತ್ರ ಎರಡೂ ಸಲ ಒಂದೇ.

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತಾಗ ಜಗಳದ ನಡುವೆ ಇದ್ದದ್ದು ಈ ಕೊಳಗವೇ. ಗೇಣಿ ಅಳೆದುಕೊಳ್ಳಲು ಭೂಮಾಲೀಕರು ಬಳಸುತ್ತಿದ್ದ ಕೊಳಗ ಮಾನ್ಯವಾದ ಅಳತೆಗಿಂತ ದೊಡ್ಡದು ಎಂಬುದು, ಬಹುಪಾಲು ದೀವರ ಸಮುದಾಯಕ್ಕೆ ಸೇರಿದ್ದ ಗೇಣಿದಾರರ ಮುಖ್ಯ ದೂರು. ಎಚ್. ಗಣಪತಿಯಪ್ಪನವರು ಸಂಘಟಿಸಿದ, ಶಾಂತವೇರಿ ಗೋಪಾಲಗೌಡರು ಬೆನ್ನಿಗೆ ನಿಂತ, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದ ಆ ಹೋರಾಟದ ಚರಿತ್ರೆ ಶಿವಮೊಗ್ಗ ಜಿಲ್ಲೆಯವರಿಗೆ ಹೊಸದಲ್ಲ. ನಾನು ಅದನ್ನು ಇಲ್ಲಿ ನೆನೆಯುವುದಕ್ಕೆ ಕಾರಣ ಬೇರೆ. ‘ಇದು ನಮ್ಮ ಮನೆತನದ ಕೊಳಗ, ನಮ್ಮ ಲೆಕ್ಕದಲ್ಲಿ ನಿನ್ನ ಗೇಣಿ ಇಷ್ಟೇ’ ಎಂದು ಒಡೆಯ ಹೇಳುತ್ತಾನೆ ಎಂದುಕೊಳ್ಳೋಣ. ‘ನೀವು ನ್ಯಾಯಕ್ಕಿಂತ ಹೆಚ್ಚು ಅಳೆದುಕೊಂಡಿದ್ದೀರಿ ಒಡೆಯಾ’ ಎಂದು ಗೇಣಿದಾರ ಹೇಳುತ್ತಾನೆ. ಕಣದ ಅಂಚಿನಲ್ಲಿ ನಿಂತ ಮೂರನೆಯವನೊಬ್ಬ, ಇಬ್ಬರನ್ನೂ ಸಮಾಧಾನಪಡಿಸುವ ಒಳ್ಳೆಯ ಮನಸ್ಸಿನಿಂದಲೇ, ‘ಅವರ ಲೆಕ್ಕ ಅವರಿಗೆ ಸರಿ, ನಿನ್ನ ಲೆಕ್ಕ ನಿನಗೆ ಸರಿ; ಇದಕ್ಕಿಂತ ಮೇಲಿನ ಸರಿ ಎಂಬುದೊಂದಿಲ್ಲ’ ಎನ್ನುತ್ತಾನೆ. ತತ್ವಶಾಸ್ತ್ರದಲ್ಲಿ ಸಾಪೇಕ್ಷವಾದಿ ಎಂದು ಕರೆಯುವುದು ಈ ಮೂರನೆಯವನನ್ನು. ಅವನ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಮುರಿದು ಬೀಳುತ್ತದೆ ಎಂಬುದನ್ನು ನೋಡಬೇಕಾಗಿದೆ.

ಮೊದಲು ಅವನ ಮಾತಿನಲ್ಲಿ ಹೆಣೆದುಕೊಂಡಿರುವ ಎಳೆಗಳನ್ನು ಬಿಡಿಸಬೇಕು. ಜನ ಬೇರೆಬೇರೆಯಾಗಿ ನಂಬುತ್ತಾರೆ, ಬೇರೆಬೇರೆಯಾಗಿ ಬದುಕುತ್ತಾರೆ ಎಂಬುದು ಒಂದು ಮಾತು. ಇದು ಕಣ್ಣಿಗೆ ಕಾಣುವ ಸಂಗತಿ, ಯಾರೂ ಅಲ್ಲಗಳೆಯುವುದಿಲ್ಲ. ಒಂದು ಹೇಳಿಕೆ ಸತ್ಯವೋ ಸುಳ್ಳೋ, ಒಂದು ನಡತೆ ಸರಿಯೋ ತಪ್ಪೋ ಎಂಬುದು ಹೇಳುವವನ ಅಥವಾ ಅವನ ಸಮಾಜದ ಚೌಕಟ್ಟನ್ನು ಅಪೇಕ್ಷಿಸಿಯೇ ನಿಲ್ಲುತ್ತದೆ, ಅದರ ಹೊರಗೆ ಆ ಪ್ರಶ್ನೆಗೆ ಉತ್ತರವೇ ಇಲ್ಲ ಎಂಬುದು ಎರಡನೆಯ ಮಾತು. ನಿಜವಾದ ಸಾಪೇಕ್ಷವಾದ ಇದು. ಆದ್ದರಿಂದ ಒಬ್ಬರ ರೀತಿನೀತಿಯ ಬಗ್ಗೆ ಇನ್ನೊಬ್ಬರು ತೀರ್ಪು ಕೊಡಬಾರದು ಎಂಬುದು ಮೂರನೆಯದು, ಅದು ಉಪದೇಶ. ಮಾತುಕತೆಯಲ್ಲಿ ನಾವು ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಾಧಿಸಿದೆವೆಂದು ತಿಳಿಯುತ್ತೇವೆ, ಎರಡನೆಯದರಿಂದ ಮೂರನೆಯದಕ್ಕೆ ಅರಿವಿಲ್ಲದೆಯೇ ಜಾರುತ್ತೇವೆ. ಆದರೆ ಎರಡು ಊರಿನವರು ತುಂಗೆಯ ಆಳದ ಬಗ್ಗೆ ಬೇರೆಬೇರೆ ಹೇಳಿದ ಮಾತ್ರಕ್ಕೆ ನದಿಗೆ ಎರಡು ಆಳ ಬರುವುದಿಲ್ಲ. ಭಿನ್ನಾಭಿಪ್ರಾಯ ಇದೆ ಎಂಬುದು ಸತ್ಯ ಹಲವು ಎಂಬುದಕ್ಕೆ ತಾನಾಗಿ ಸಾಕ್ಷಿಯಾಗದು. ಕೆಲವರೋ ಎಲ್ಲರೋ ತಪ್ಪಿರಬಹುದು ಎಂಬುದಕ್ಕೂ ಅದೇ ಸಾಕ್ಷಿಯಾಗಬಲ್ಲದು.

ಹಾಗೆಂದು ಸಾಪೇಕ್ಷವಾದಿಯ ಬಳಿ ಒಳ್ಳೆಯ ಉದಾಹರಣೆಗಳಿಲ್ಲವೆಂದಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ‘ಈ ಸಲ ಮಳೆ ಸಾಲದು’ ಎಂದು ಕೊರಗುವಷ್ಟು ಮಳೆ ಶಿಕಾರಿಪುರದ ಬಯಲಿಗೆ ಬಂದರೆ ಅಲ್ಲಿನವರು ಪ್ರಳಯವೆಂದಾರು. ಇಬ್ಬರ ಮಾತೂ ಸತ್ಯ. ಆದರೆ ಇಲ್ಲಿ ವಿರೋಧವೇ ಇಲ್ಲವೆಂಬುದನ್ನು ಗಮನಿಸಬೇಕು. ‘ಸಾಲದು’ ಎಂಬ ಪದದೊಳಗೆ ‘ನಮ್ಮ ಊರಿನ ವಾಡಿಕೆಗೆ ಹೋಲಿಸಿದರೆ’ ಎಂಬ ಮಾತು ಅಡಗಿ ಕುಳಿತಿದೆ. ಅದನ್ನು ಬಾಯಿಬಿಟ್ಟು ಹೇಳಿದ ಕೂಡಲೇ ಎರಡು ಹೇಳಿಕೆಗಳು ಎರಡು ಬೇರೆ ಸಂಗತಿಗಳ ಕುರಿತಾದವೆಂದು ತಿಳಿಯುತ್ತದೆ. ಮಳೆಮಾಪಕದಲ್ಲಿ ನಿಂತ ನೀರನ್ನು ಇಬ್ಬರೂ ಒಂದೇ ರೀತಿ ಓದುತ್ತಾರೆ. ‘ಎತ್ತರ’, ‘ದೂರ’, ‘ತಡ’ ಮುಂತಾದ ನೂರಾರು ಪದಗಳು ಹೀಗೆಯೇ ಕೆಲಸ ಮಾಡುತ್ತವೆ. ಈ ಬಗೆಯ ಸಾಪೇಕ್ಷತೆಯನ್ನು ಒಪ್ಪಲು ಯಾವ ತತ್ವಜ್ಞಾನಿಗೂ ಅಡ್ಡಿಯಿಲ್ಲ, ಏಕೆಂದರೆ ಅದು ಭಾಷೆಯ ಅಡಕತನವೇ ಹೊರತು ಸತ್ಯದ ಒಡಕಲ್ಲ.

ರುಚಿಯ ಮಾತು ಸ್ವಲ್ಪ ತೊಡಕಿನದು. ಮಳೆಗಾಲದ ಕಳಲೆ (ಎಳೆ ಬಿದಿರ ಮೊಳಕೆ) ಪಲ್ಯವನ್ನು ನಾನು ಅಮೃತವೆಂದರೆ ಬಯಲುಸೀಮೆಯ ನನ್ನ ಗೆಳೆಯ ಅದನ್ನು ಎಲೆಯ ಅಂಚಿಗೆ ಸರಿಸುತ್ತಾನೆ. ನಾವಿಬ್ಬರೂ ವಾದಿಸುತ್ತೇವೆ, ಆದರೂ ಇಬ್ಬರಲ್ಲಿ ಯಾರೂ ತಪ್ಪಿಲ್ಲವೆಂದು ಇಬ್ಬರಿಗೂ ಅನ್ನಿಸುತ್ತದೆ. ತಪ್ಪಿತಸ್ಥರಿಲ್ಲದ ಈ ಭಿನ್ನಾಭಿಪ್ರಾಯವನ್ನು ಹೇಗೆ ವಿವರಿಸುವುದೆಂಬುದು ಇಂದಿನ ತತ್ವಶಾಸ್ತ್ರದಲ್ಲಿ ಗಂಭೀರ ಚರ್ಚೆಯ ವಿಷಯ. ರುಚಿಯಂಥ ಕೆಲವು ಕ್ಷೇತ್ರಗಳಲ್ಲಿ ಸತ್ಯವೂ ಅಳೆಯುವವನನ್ನು ಅವಲಂಬಿಸುತ್ತದೆ ಎಂದು ತರ್ಕಬದ್ಧವಾಗಿ ವಾದಿಸುವವರಿದ್ದಾರೆ. ಅವರನ್ನು ನಾನು ಅಲ್ಲಗಳೆಯಲಾರೆ. ಪ್ರಶ್ನೆಯಿರುವುದು ಭತ್ತದ ಲೆಕ್ಕವೂ ಗೇಣಿಯ ನ್ಯಾಯವೂ ಕಳಲೆಯ ರುಚಿಯಂಥವೇ ಎಂಬಲ್ಲಿ.

ಎಲ್ಲವೂ ಹಾಗೆಯೇ ಎಂದು ಹೇಳಿದವನೆಂದು ಪ್ರಸಿದ್ಧನಾದವನು ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಚಿಂತಕ ಪ್ರೊಟಾಗೊರಸ್. ಮನುಷ್ಯನೇ ಎಲ್ಲದರ ಅಳತೆ ಎಂಬುದು ಅವನ ಮಾತು. ನಮ್ಮ ಸೀಮೆಯ ಮಾತಿನಲ್ಲಿ, ಪ್ರತಿಯೊಬ್ಬನೂ ತಾನೇ ಕೊಳಗ. ಈ ಮಾತನ್ನು ತನ್ನ ಸಂವಾದವೊಂದರಲ್ಲಿ ಚರ್ಚೆಗೆತ್ತಿಕೊಳ್ಳುವ ಪ್ಲೇಟೋ ಬೀಸುವ ಗಾಳಿಯ ಉದಾಹರಣೆ ಕೊಡುತ್ತಾನೆ. ಒಂದೇ ಗಾಳಿ ಒಬ್ಬನಿಗೆ ಚಳಿ, ಇನ್ನೊಬ್ಬನಿಗೆ ಚಳಿಯಲ್ಲ. ಹಾಗಾದರೆ ಗಾಳಿ ತನ್ನಷ್ಟಕ್ಕೆ ತಣ್ಣಗಿದೆಯೇ ಇಲ್ಲವೇ? ಅನ್ನಿಸಿದ್ದೇ ಸತ್ಯವೆಂದು ಒಪ್ಪಿದರೆ ಪ್ಲೇಟೋ ಮುಂದಿಡುವ ಇಕ್ಕಟ್ಟು ಹೀಗಿದೆ. ಪ್ರೊಟಾಗೊರಸ್‌ನ ಸಿದ್ಧಾಂತ ಸುಳ್ಳು ಎಂದು ಹೆಚ್ಚಿನವರಿಗೆ ಅನ್ನಿಸುತ್ತದೆ. ಅನ್ನಿಸಿದ್ದೆಲ್ಲ ಸತ್ಯವಾದರೆ ಅವರಿಗೆ ಅನ್ನಿಸಿದ್ದೂ ಸತ್ಯವಾಗಬೇಕು. ಅಂದರೆ ಸಿದ್ಧಾಂತ ತನ್ನನ್ನೇ ಸುಳ್ಳೆಂದು ಒಪ್ಪಿಕೊಂಡಂತಾಯಿತು.

ಸಾಪೇಕ್ಷವಾದವನ್ನು ವಿರೋಧಿಸುವವರು ಇಲ್ಲಿಗೆ ಚರ್ಚೆ ಮುಗಿಯಿತೆಂದು ಎದ್ದುಬಿಡುತ್ತಾರೆ. ಅದು ಆತುರ. ಜಾಣನಾದ ಸಾಪೇಕ್ಷವಾದಿಗೆ ಉತ್ತರವಿದೆ: ‘ನನ್ನ ಸಿದ್ಧಾಂತ ನಿಮಗೆ ಸುಳ್ಳು, ನನಗೆ ಸತ್ಯ. ಇದರಲ್ಲಿ ವಿರೋಧವೆಲ್ಲಿದೆ?’ ತರ್ಕದ ಬಲೆಯಿಂದ ಅವನು ಹೀಗೆ ತಪ್ಪಿಸಿಕೊಳ್ಳಬಲ್ಲ. ಆದರೆ ತಪ್ಪಿಸಿಕೊಳ್ಳಲು ಅವನು ಕೊಡುವ ಬೆಲೆಯನ್ನು ನೋಡಿ. ‘ನನಗೆ ಸತ್ಯ’ ಎಂಬುದು ‘ನಾನು ನಂಬುತ್ತೇನೆ’ ಎಂಬುದಕ್ಕಿಂತ ಹೆಚ್ಚೇನನ್ನೂ ಹೇಳದಿದ್ದರೆ ಅವನು ನಮಗೆ ಸಿದ್ಧಾಂತವನ್ನು ಹೇಳಲೇ ಇಲ್ಲ, ತನ್ನ ಮನಸ್ಸಿನ ವರದಿಯನ್ನಷ್ಟೇ ಒಪ್ಪಿಸಿದ. ಆ ವರದಿಯಾದರೂ ನಿಜವೇ, ಅವನು ನಿಜಕ್ಕೂ ಹಾಗೆ ನಂಬುತ್ತಾನೆಯೇ ಎಂದು ಕೇಳಿದರೆ, ‘ಹೌದು, ನಂಬುತ್ತೇನೆ, ಇದು ಯಾರಿಗೂ ನಿಜ’ ಎನ್ನಬೇಕಾಗುತ್ತದೆ. ಸಾಪೇಕ್ಷವಲ್ಲದ ಒಂದು ನೆಲವನ್ನು ಎಲ್ಲೋ ಒಂದು ಕಡೆ ಅವನೂ ಮೆಟ್ಟಲೇಬೇಕು. ಅದಕ್ಕಿಂತ ದೊಡ್ಡ ನಷ್ಟವೆಂದರೆ ವಾದವೇ ಇಲ್ಲವಾಗುವುದು. ಒಡೆಯ ‘ಹತ್ತು ಕೊಳಗ’ ಎಂದಾಗ ಗೇಣಿದಾರ ‘ಅಲ್ಲ’ ಎನ್ನುವುದು ಒಡೆಯನ ಮಾತನ್ನು ನಿರಾಕರಿಸುವುದಕ್ಕೆ. ‘ನಿಮಗೆ ಹತ್ತು, ನನಗೆ ಹನ್ನೆರಡು’ ಎಂಬ ಅನುವಾದದಲ್ಲಿ ಆ ‘ಅಲ್ಲ’ ಎಂಬ ಪದಕ್ಕೆ ಜಾಗವೇ ಉಳಿಯುವುದಿಲ್ಲ.

ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವೂ ಇದನ್ನೇ ಹೇಳುತ್ತದೆ ಎಂಬ ಮಾತನ್ನು ಹೆಸರಿನ ಹೋಲಿಕೆಯಿಂದಾಗಿ ಹಲವರು ಆಡುತ್ತಾರೆ. 1905ರ ಆ ಸಿದ್ಧಾಂತದ ಬುನಾದಿಯೇ, ಸಮವೇಗದಲ್ಲಿ ಸಾಗುವ ಎಲ್ಲ ವೀಕ್ಷಕರಿಗೂ ಭೌತನಿಯಮಗಳು ಒಂದೇ, ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರಿನ ಬೆಳಕಿನ ವೇಗವೂ ಒಂದೇ ಎಂಬುದು. ಒಬ್ಬನ ಗಡಿಯಾರದ ಲೆಕ್ಕವನ್ನು ಇನ್ನೊಬ್ಬನ ಲೆಕ್ಕಕ್ಕೆ ಪರಿವರ್ತಿಸುವ ಖಚಿತ ಸೂತ್ರವನ್ನು ಅದು ಕೊಡುತ್ತದೆ. ಎರಡು ಕೊಳಗಗಳ ನಡುವಿನ ಪ್ರಮಾಣ ಗೊತ್ತಿದ್ದರೆ ಯಾರ ಲೆಕ್ಕವನ್ನು ಯಾರಿಗೆ ಬೇಕಾದರೂ ತಿರುಗಿಸಿ ಹೇಳಬಹುದಲ್ಲ, ಹಾಗೆ.

ನಮ್ಮ ನಾಡಿನ ಚಿಂತನೆಯೇ ಸಾಪೇಕ್ಷವಾದಿಯಾದದ್ದು, ಜೈನರ ಅನೇಕಾಂತವಾದವೇ ಅದಕ್ಕೆ ಸಾಕ್ಷಿ ಎಂಬುದು ನಾನು ಮೇಲಿಂದ ಮೇಲೆ ಕೇಳುವ ಇನ್ನೊಂದು ಮಾತು. ಇದನ್ನು ಬೇಗ ದಾಟಿ ಹೋಗಲು ಮನಸ್ಸಾಗುವುದಿಲ್ಲ, ಏಕೆಂದರೆ ಹೊಸನಗರ ತಾಲ್ಲೂಕಿನ ಹೊಂಬುಜ ನಮ್ಮದೇ ಅಂಗಳದಲ್ಲಿದೆ. ಸಾಂತರ ಮನೆತನದ ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯ ಮುಂದೆ ನಿಂತವರಿಗೆ, ಒಂದು ದರ್ಶನ ಎಷ್ಟು ಆಳವಾಗಿ ಈ ಮಣ್ಣಿನಲ್ಲಿ ಬೇರುಬಿಟ್ಟಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ವಸ್ತುವಿಗೆ ಅನಂತ ಧರ್ಮಗಳಿವೆ, ಒಂದೊಂದು ಹೇಳಿಕೆ ಒಂದೊಂದು ನಯದಿಂದ, ಅಂದರೆ ಒಂದೊಂದು ನೋಟದಿಂದ, ಅದರ ಒಂದು ಮುಖವನ್ನು ಹಿಡಿಯುತ್ತದೆ ಎಂಬುದು ಅನೇಕಾಂತದ ತಿರುಳು. ಪ್ರತಿ ಹೇಳಿಕೆಯ ಹಿಂದೆ ‘ಸ್ಯಾತ್’ ಎಂದು ಸೇರಿಸುವುದು ಸ್ಯಾದ್ವಾದ. ಈ ‘ಸ್ಯಾತ್’ ಎಂಬುದನ್ನು ‘ಇರಬಹುದೇನೋ’ ಎಂಬ ಅನುಮಾನದ ಪದವೆಂದು ಓದಿದಾಗ ದಾರಿ ತಪ್ಪುತ್ತದೆ. ಜೈನ ಆಚಾರ್ಯರು ಅದನ್ನು ‘ಒಂದು ನಿಟ್ಟಿನಿಂದ’ ಎಂಬ ಅರ್ಥದಲ್ಲಿ ಬಳಸಿದ್ದಾರೆ. ಮಡಕೆ ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ, ಅಂದರೆ ತನ್ನ ವಸ್ತು, ಜಾಗ, ಹೊತ್ತು, ಸ್ಥಿತಿಗಳ ನಿಟ್ಟಿನಿಂದ ಇದೆ. ಬೇರೆಯದರ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಟ್ಟಿನಿಂದ ಇಲ್ಲ. ನಿಟ್ಟನ್ನು ಹೇಳಿದ ಮೇಲೆ ಹೇಳಿಕೆ ಖಚಿತವೇ. ಆಗುಂಬೆಯ ಮಳೆಯ ಮಾತಿನಲ್ಲಿ ಅಡಗಿದ್ದ ‘ನಮ್ಮ ವಾಡಿಕೆಗೆ ಹೋಲಿಸಿದರೆ’ ಎಂಬುದನ್ನು ಹೊರಗೆಳೆದು ಹೇಳಿದೆವಲ್ಲ, ಸ್ಯಾದ್ವಾದ ಎಲ್ಲ ಮಾತಿಗೂ ಆ ಶಿಸ್ತನ್ನು ಬೇಡುತ್ತದೆ.

ಆನೆಯನ್ನು ಮುಟ್ಟಿದ ಕುರುಡರ ಕಥೆಯನ್ನು ಇದರ ಜೊತೆಗೆ ಹೇಳುವುದು ವಾಡಿಕೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಸಕ್ರೆಬೈಲಿನ ಬಿಡಾರದಲ್ಲಿ ಬೆಳಗಿನ ಹೊತ್ತು ತುಂಗೆಯ ಹಿನ್ನೀರಿನಲ್ಲಿ ಮಲಗಿದ ಆನೆಯ ಮೈಯನ್ನು ಮಾವುತ ಉಜ್ಜುವುದನ್ನು ಹತ್ತಿರದಿಂದ ನೋಡಿದವರಿಗೆ ಆ ಕಥೆ ಬೇರೆಯೇ ಆಗಿ ತೋರುತ್ತದೆ. ಕಿವಿಯ ಹಿಂದಿನ ಮೆತ್ತನೆಯ ಚರ್ಮ, ಬೆನ್ನಿನ ಒರಟು ಕೂದಲು, ಗುಂಡುಕಲ್ಲಿನಂಥ ಮೊಣಕಾಲು ಎಲ್ಲವನ್ನೂ ಅವನ ಕೈ ಬಲ್ಲದು, ಒಂದು ಇನ್ನೊಂದಕ್ಕೆ ಹೇಗೆ ಕೂಡಿಕೊಂಡಿದೆ ಎಂಬುದನ್ನೂ ಬಲ್ಲದು. ಕಥೆಯ ಕುರುಡರಲ್ಲಿ ಕಂಬವೆಂದವನೂ ಮೊರವೆಂದವನೂ ಮುಟ್ಟಿದ ಭಾಗದ ಮಟ್ಟಿಗೆ ಸುಳ್ಳಾಡಲಿಲ್ಲ. ‘ಆನೆಯೆಂದರೆ ಇಷ್ಟೇ’ ಎಂದದ್ದರಲ್ಲಿ ತಪ್ಪಿದರು. ತಪ್ಪು ಎಂದು ನಾವು ಹೇಳಬಲ್ಲೆವು, ಏಕೆಂದರೆ ಅಲ್ಲಿ ಒಂದು ಆನೆ ಇದೆ. ಆನೆಯನ್ನೇ ತೆಗೆದುಬಿಟ್ಟರೆ ಕಥೆ ನಿಲ್ಲುವುದಿಲ್ಲ, ಸಾಪೇಕ್ಷವಾದಿ ತೆಗೆಯುವುದು ಅದನ್ನೇ.

ಕನ್ನಡದಲ್ಲಿ ನಾವು ಇಂದು ‘ಸಾಪೇಕ್ಷ’ ಎಂದು ಬಳಸುವ ಪದವೇ ದಿಗಂಬರ ಆಚಾರ್ಯ ಸಮಂತಭದ್ರರ ಆಪ್ತಮೀಮಾಂಸೆಯಲ್ಲಿ ಇನ್ನೊಂದು ಅರ್ಥದಲ್ಲಿ ಬರುತ್ತದೆ. ಒಂದನ್ನೊಂದು ಅಪೇಕ್ಷಿಸದ, ತನ್ನಷ್ಟಕ್ಕೇ ಸಾಕೆನ್ನುವ ನಯಗಳು ಮಿಥ್ಯೆ. ಒಂದನ್ನೊಂದು ಅಪೇಕ್ಷಿಸಿ ನಿಂತ ನಯಗಳು ವಸ್ತುವನ್ನು ತಿಳಿಸಿ ಕೆಲಸಕ್ಕೆ ಬರುತ್ತವೆ ಎಂಬುದು ಅವರ ನಿಲುವು. ಮಿಥ್ಯೆ ಎಂಬ ಪದವನ್ನು ಅವರು ಹಿಂಜರಿಯದೆ ಬಳಸಿದ್ದಾರೆ. ಪ್ರೊಟಾಗೊರಸ್‌ನ ಸಾಪೇಕ್ಷತೆಯಲ್ಲಿ ಪ್ರತಿಯೊಬ್ಬನ ನೋಟವೂ ತನಗೆ ತಾನೇ ಸಾಕು, ಇನ್ನೊಬ್ಬನ ನೋಟದ ಹಂಗು ಅದಕ್ಕಿಲ್ಲ. ಸಮಂತಭದ್ರರ ಸಾಪೇಕ್ಷತೆಯಲ್ಲಿ ನನ್ನ ನೋಟ ನಿನ್ನ ನೋಟವಿಲ್ಲದೆ ಪೂರ್ತಿಯಾಗದು. ಒಂದೇ ಪದದಡಿ ಇಷ್ಟು ದೂರದ ಎರಡು ವಿಚಾರಗಳು ಬಂದು ಕುಳಿತಿರುವುದು ಕನ್ನಡದ ಚರ್ಚೆಗಳಲ್ಲಿ ಎಷ್ಟೋ ಗೊಂದಲಕ್ಕೆ ಕಾರಣವಾಗಿದೆ ಎಂದು ನನಗೆ ತೋರುತ್ತದೆ.

ಶೃಂಗೇರಿಯ ಅದ್ವೈತ ಪರಂಪರೆ ಹೇಳುವ ವ್ಯಾವಹಾರಿಕ (ದಿನಬಳಕೆಯ) ಮತ್ತು ಪಾರಮಾರ್ಥಿಕ (ಕಟ್ಟಕಡೆಯ) ಸತ್ಯವೆಂಬ ಎರಡು ಸ್ತರಗಳನ್ನೂ ಹೀಗೆಯೇ ತಪ್ಪಾಗಿ ಓದುವುದುಂಟು. ಮಬ್ಬಿನಲ್ಲಿ ಹಾವಾಗಿ ಕಂಡದ್ದು ಹಗ್ಗವೆಂದು ತಿಳಿದ ಮೇಲೆ ಹಾವು ಹೋಗುತ್ತದೆ. ಹಾವೆಂಬ ತಿಳಿವು ಮರಳಿ ಬಂದು ಹಗ್ಗವೆಂಬ ತಿಳಿವನ್ನು ಹೊಡೆದುಹಾಕದು. ಒಂದು ತಿಳಿವು ಇನ್ನೊಂದನ್ನು ಅಳಿಸುವ, ಒಂದೇ ದಿಕ್ಕಿನಲ್ಲಿ ನಡೆಯುವ ಈ ಬಾಧೆಯಲ್ಲಿ ‘ನಿನಗೆ ಹಾವು, ನನಗೆ ಹಗ್ಗ’ ಎಂಬ ರಾಜಿಗೆ ಎಡೆಯಿಲ್ಲ. ಇನ್ನು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ಅಲ್ಲಿ ವೇದ, ವ್ಯಾಕರಣಗಳ ಜೊತೆಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮುಂತಾದ ದರ್ಶನಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು ಹೇಳುತ್ತದೆ; ದೀನರಿಗೂ ಅಂಗವಿಕಲರಿಗೂ ಅನ್ನ ದೊರೆಯುತ್ತಿದ್ದ ಸ್ಥಳವೆಂದೂ ಹೇಳುತ್ತದೆ. ಶೈವ ಮಠವೊಂದು ಎದುರಾಳಿ ದರ್ಶನಗಳಿಗೂ ಜಾಗ ಕೊಡಲು ‘ಎಲ್ಲವೂ ಅವರವರಿಗೆ ಸತ್ಯ’ ಎಂದು ನಂಬಬೇಕಾಗಿರಲಿಲ್ಲ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಕಲಿತು ಖಂಡಿಸುವುದೇ ಪೂರ್ವಪಕ್ಷದ ಪದ್ಧತಿ. ಒಬ್ಬರು ತಪ್ಪಿರಲು ಸಾಧ್ಯವೆಂದು ಇಬ್ಬರೂ ಒಪ್ಪಿದಾಗ ಮಾತ್ರ ಅಂಥ ವಾದಕ್ಕೆ ಅರ್ಥ ಬರುತ್ತದೆ.

ಸತ್ಯದ ವಿಷಯದಲ್ಲಿ ಮಳೆಮಾಪಕವನ್ನು ತೋರಿಸಿ ಪಾರಾಗಬಹುದು. ನೀತಿಗೆ ಮಳೆಮಾಪಕ ಎಲ್ಲಿದೆ ಎಂದು ಸಾಪೇಕ್ಷವಾದಿ ಕೇಳಿದರೆ ಚರ್ಚೆ ನಿಜವಾಗಿ ಕಠಿಣವಾಗುತ್ತದೆ. ಗ್ರೀಕ್ ಚರಿತ್ರೆಕಾರ ಹೆರೊಡೊಟಸ್ ಹೇಳುವ ಪ್ರಸಂಗ ಪ್ರಸಿದ್ಧವಾದದ್ದು. ಪರ್ಷಿಯದ ದೊರೆ ದಾರಿಯಸ್ ಗ್ರೀಕರನ್ನು ಕರೆಸಿ, ಎಷ್ಟು ಹಣ ಕೊಟ್ಟರೆ ನಿಮ್ಮ ಸತ್ತ ತಂದೆಯರ ದೇಹವನ್ನು ತಿನ್ನುವಿರಿ ಎಂದು ಕೇಳಿದ. ಎಷ್ಟು ಕೊಟ್ಟರೂ ಇಲ್ಲವೆಂದರು. ತಂದೆಯರ ದೇಹವನ್ನು ತಿನ್ನುವ ಸಂಪ್ರದಾಯವಿದ್ದ ಕಲ್ಲತಿಯರನ್ನು ಕರೆಸಿ, ಎಷ್ಟು ಕೊಟ್ಟರೆ ಸುಡುವಿರಿ ಎಂದ. ಅಂಥ ಮಾತನ್ನೇ ಆಡಬಾರದೆಂದು ಅವರು ಕೂಗಿಕೊಂಡರು. ಇದನ್ನು ಓದಿದವರಿಗೆ ನೀತಿಯೆಂಬುದೆಲ್ಲ ರೂಢಿಯೇ ಎಂದು ಅನ್ನಿಸುವುದು ಸಹಜ. ಆದರೆ ಮಲೆನಾಡಿನ ಯಾವುದೇ ಊರಿನಲ್ಲಿ ನಾವು ಇದನ್ನು ದಿನನಿತ್ಯ ಕಾಣುತ್ತೇವೆ. ಬ್ರಾಹ್ಮಣರು ಸುಡುತ್ತಾರೆ, ಲಿಂಗಾಯತರು ಕುಳ್ಳಿರಿಸಿ ಸಮಾಧಿ ಮಾಡುತ್ತಾರೆ, ಮುಸ್ಲಿಮರೂ ಕ್ರೈಸ್ತರೂ ಹೂಳುತ್ತಾರೆ. ಒಬ್ಬರ ಸಾವಿಗೆ ಇನ್ನೊಬ್ಬರು ಹೋಗುತ್ತಾರೆ, ಅಂಗಳದಲ್ಲಿ ತಲೆತಗ್ಗಿಸಿ ನಿಲ್ಲುತ್ತಾರೆ. ಸತ್ತವರನ್ನು ಗೌರವಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಮತವಿಲ್ಲ, ಗೌರವಿಸುವ ವಿಧಾನ ಬೇರೆ. ಗ್ರೀಕರೂ ಕಲ್ಲತಿಯರೂ ಅಷ್ಟು ಗಾಬರಿಯಾದದ್ದೇ ಇಬ್ಬರಿಗೂ ತಂದೆ ದೊಡ್ಡವನಾಗಿದ್ದರಿಂದ. ರೂಢಿಯನ್ನು ನೆಚ್ಚಿಯೇ ಹುಟ್ಟುವ ಕರ್ತವ್ಯಗಳೂ ಇವೆ: ಮುಯ್ಯಾಳಿನ ಪದ್ಧತಿಯಿರುವ ಊರಿನಲ್ಲಿ ನೆಟ್ಟಿಗೆ ಬಂದವರ ಗದ್ದೆಗೆ ಮರಳಿ ಹೋಗದಿರುವುದು ತಪ್ಪು, ಕೂಲಿ ಕೊಟ್ಟು ಮಾಡಿಸುವ ಊರಿನಲ್ಲಿ ಆ ತಪ್ಪೇ ಇಲ್ಲ. ಕೊಟ್ಟ ಮಾತಿಗೆ ನಡೆಯಬೇಕೆಂಬುದು ಮಾತ್ರ ಎರಡೂ ಊರಿನಲ್ಲಿ ಒಂದೇ.

ನೈತಿಕ ಸಾಪೇಕ್ಷವಾದದ ಹಿಂದಿನ ಕಳಕಳಿಯನ್ನು ಗೌರವಿಸದೆ ಅದನ್ನು ಖಂಡಿಸುವುದು ಅನ್ಯಾಯವಾಗುತ್ತದೆ. 20ನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞರು ಅದನ್ನು ಎತ್ತಿಹಿಡಿದದ್ದು, ಯುರೋಪಿನ ದೇಶಗಳು ತಮ್ಮ ಕೊಳಗದಿಂದಲೇ ಇಡೀ ಲೋಕವನ್ನು ಅಳೆದು ಬೇರೆಯವರನ್ನು ಅನಾಗರಿಕರೆಂದು ಆಳುತ್ತಿದ್ದ ಕಾಲದಲ್ಲಿ. 1947ರಲ್ಲಿ, ಮಾನವ ಹಕ್ಕುಗಳ ಘೋಷಣೆ ಸಿದ್ಧವಾಗುತ್ತಿದ್ದಾಗ, ಮೆಲ್ವಿಲ್ ಹರ್ಸ್ಕೊವಿಟ್ಸ್ ಕರಡು ಬರೆದ ಹೇಳಿಕೆಯೊಂದನ್ನು ಅಮೆರಿಕದ ಮಾನವಶಾಸ್ತ್ರ ಸಂಘ ವಿಶ್ವಸಂಸ್ಥೆಗೆ ಕಳಿಸಿ, ಮೌಲ್ಯಗಳು ಅವು ಹುಟ್ಟಿದ ಸಂಸ್ಕೃತಿಗೆ ಸಾಪೇಕ್ಷವೆಂದು ಎಚ್ಚರಿಸಿತು. 1948ರ ಡಿಸೆಂಬರ್ 10ರಂದು ಘೋಷಣೆ ಅಂಗೀಕಾರವಾಯಿತು. ಅದೇ ಸಂಘ 1999ರಲ್ಲಿ ಮಾನವ ಹಕ್ಕುಗಳನ್ನು ಬೆಂಬಲಿಸುವ ನಿಲುವಿಗೆ ಬಂದಿತು. ಆ ಎಚ್ಚರಿಕೆಯೊಳಗಿನ ತರ್ಕದ ತೊಡಕನ್ನು ಇಂಗ್ಲೆಂಡಿನ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1972ರಲ್ಲಿ ಬಿಡಿಸಿ ತೋರಿಸಿದರು. ‘ಸರಿ’ ಎಂದರೆ ‘ಆ ಸಮಾಜಕ್ಕೆ ಸರಿ’ ಎಂದಷ್ಟೇ ಅರ್ಥವಾದರೆ, ಬೇರೆ ಸಮಾಜದಲ್ಲಿ ಕೈಹಾಕುವುದು ಎಲ್ಲರಿಗೂ ತಪ್ಪು ಎಂಬ ತೀರ್ಮಾನ ಅದರಿಂದ ಹೊರಡುವುದು ಹೇಗೆ? ಆಳುವುದೇ ತನ್ನ ಧರ್ಮವೆಂದು ನಂಬಿದ ಸಮಾಜಕ್ಕೆ ಆಳುವುದೇ ಸರಿಯಾಗಿಬಿಡುತ್ತದೆ. ಸಹನೆ ಒಳ್ಳೆಯದೆಂದು ಸಾಪೇಕ್ಷವಾದಿ ಹೇಳಬಯಸುವುದಾದರೆ, ಒಂದು ಮೌಲ್ಯವನ್ನಾದರೂ ಅವನು ಕೊಳಗದ ಹೊರಗಿಟ್ಟು ಕಾಪಾಡಬೇಕು.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆತ್ತಲೆಸೇವೆಯ ಪ್ರಕರಣವನ್ನು ನಮ್ಮ ಜಿಲ್ಲೆಯಲ್ಲಿ ಈ ಚರ್ಚೆಯಿಂದ ಬಿಡಲಾಗದು. ರೇಣುಕಾಂಬೆಯ ಜಾತ್ರೆಗೆ ಹರಕೆ ಹೊತ್ತವರು, ಅವರಲ್ಲಿ ದೊಡ್ಡ ಸಂಖ್ಯೆಯಲ್ಲಿ ಬಡ ಮತ್ತು ದಲಿತ ಕುಟುಂಬಗಳ ಹೆಣ್ಣುಮಕ್ಕಳು, ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟ ಹತ್ತುವ ಪದ್ಧತಿಯಿತ್ತು. 1986ರ ಮಾರ್ಚಿನಲ್ಲಿ ಅದನ್ನು ತಡೆಯಹೋದ ಕಾರ್ಯಕರ್ತರ ಮೇಲೆ ಹಲ್ಲೆ ನಡೆಯಿತು, ಪೊಲೀಸರೂ ಪಾರಾಗಲಿಲ್ಲ. ಬಳಿಕ ಸರ್ಕಾರ ಪದ್ಧತಿಯನ್ನು ನಿಷೇಧಿಸಿತು. ‘ಅದು ಅವರ ಸಂಸ್ಕೃತಿ’ ಎಂಬ ಮಾತು ಆಗಲೂ ಬಂತು, ಈಗಲೂ ಬರುತ್ತದೆ. ಆದರೆ ‘ಅವರು’ ಎಂದರೆ ಯಾರು? ಹರಕೆ ಹೊತ್ತ ತಾಯಿಯೇ, ಅವಳ ಪರವಾಗಿ ಹರಕೆ ಹೊತ್ತ ಮನೆಯ ಹಿರಿಯರೇ, ನೋಡಲು ಕಿಕ್ಕಿರಿದವರೇ, ಅದೇ ಸಮುದಾಯದಲ್ಲಿ ಹುಟ್ಟಿ ಬೇಡವೆಂದವರೇ? ಸಮಾಜದ ಚೌಕಟ್ಟೇ ಸರಿತಪ್ಪುಗಳನ್ನು ನಿರ್ಧರಿಸುತ್ತದೆ ಎನ್ನುವವರು ಆ ಸಮಾಜದ ಗೆರೆ ಎಲ್ಲಿ ಎಂದು ಮೊದಲು ತೋರಿಸಬೇಕಾಗುತ್ತದೆ. ಬೇಡವೆಂದ ಒಳಗಿನವರು ವ್ಯಾಖ್ಯೆಯ ಬಲದಿಂದಲೇ ತಪ್ಪಿತಸ್ಥರಾಗಿಬಿಡುತ್ತಾರೆ. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಒಂದು ಪದ್ಧತಿ ತಪ್ಪೆಂಬುದು ಗೊತ್ತಾದ ಮಾತ್ರಕ್ಕೆ ಅದನ್ನು ಆಚರಿಸುವವರನ್ನು ಕೀಳಾಗಿ ಕಾಣುವ ಹಕ್ಕು ಬರುವುದಿಲ್ಲ. ಮಗುವಿನ ಕಾಯಿಲೆ ವಾಸಿಯಾಗಲೆಂದು, ದೇವಿ ಮುನಿಯದಿರಲೆಂದು ನಡೆದ ತಾಯಿಯ ಕಾರಣಗಳನ್ನು ಕೇಳಿಸಿಕೊಂಡರೆ, ಅವಳ ಮತ್ತು ನಮ್ಮ ನಡುವಿನ ಭಿನ್ನತೆಯಲ್ಲಿ ಅರ್ಧ ಮೌಲ್ಯದ್ದಲ್ಲ, ಕಾಯಿಲೆ ಯಾವುದರಿಂದ ಬರುತ್ತದೆ ಎಂಬ ಸಂಗತಿಯದ್ದು ಎಂದು ತಿಳಿಯುತ್ತದೆ.

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋದವರು ವೀರಗಲ್ಲುಗಳ ನಡುವೆ ಮಾಸ್ತಿಕಲ್ಲುಗಳನ್ನೂ ನೋಡಿರುತ್ತಾರೆ. ಗಂಡನ ಚಿತೆಯೇರಿ ಸತ್ತವಳ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳ ಗುರುತೆಂದರೆ ಮೇಲಕ್ಕೆತ್ತಿದ ತೋಳು, ಅದರಲ್ಲಿ ಒಡೆಯದೆ ಉಳಿದ ಬಳೆಗಳು. ‘ಆ ಕಾಲಕ್ಕೆ ಅದು ಸರಿಯಾಗಿತ್ತು’ ಎಂದು ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಆ ಕಾಲ ಹೀಗೆ ನಂಬಿತ್ತು ಎಂದು ನಮಗೆ ಹೇಳುತ್ತಿರುವುದು ಕಲ್ಲು. ಕಲ್ಲನ್ನು ನಿಲ್ಲಿಸಿದವರು ಉಳಿದವರು, ಸತ್ತವಳಲ್ಲ. ಒಂದು ಸಮಾಜದ ನಂಬಿಕೆ ಎಂದು ನಾವು ಕರೆಯುವುದು ಎಷ್ಟೋ ಸಲ ಕಲ್ಲು ಕಡೆಸುವ ಶಕ್ತಿಯಿದ್ದವರ ನಂಬಿಕೆ. ಸಾಪೇಕ್ಷವಾದದ ವಿರುದ್ಧ ನನಗಿರುವ ಅತ್ಯಂತ ಗಾಢವಾದ ಆಕ್ಷೇಪ ಇಲ್ಲಿದೆ: ದುರ್ಬಲ ಸಂಸ್ಕೃತಿಗಳನ್ನು ಬಲಿಷ್ಠರಿಂದ ಕಾಪಾಡಲು ಹೊರಟ ವಾದ, ಪ್ರತಿ ಸಂಸ್ಕೃತಿಯ ಒಳಗೂ ಕೊಳಗ ಹಿಡಿದವನ ಕೈಯನ್ನೇ ಬಲಪಡಿಸುತ್ತದೆ.

ಸಾಪೇಕ್ಷವಾದವನ್ನು ನಾನು ಓದಿದವರಲ್ಲಿ ಅತ್ಯಂತ ಸಮರ್ಥವಾಗಿ ಕಾಪಾಡಿದವರು ಅಮೆರಿಕದ ತತ್ವಜ್ಞಾನಿ ಗಿಲ್ಬರ್ಟ್ ಹಾರ್ಮನ್. 1975ರಲ್ಲಿ ಅವರು ಮಂಡಿಸಿದಂತೆ ನೀತಿಯೆಂಬುದು ಜನರ ನಡುವೆ ಬಾಯಿಬಿಟ್ಟು ಹೇಳದೆಯೇ ಆದ ಒಂದು ಒಪ್ಪಂದ, ಬೇರೆಬೇರೆ ಶಕ್ತಿಯವರು ಚೌಕಾಸಿ ಮಾಡಿ ತಲುಪಿದ ನೆಲೆ. ಅನ್ಯರಿಗೆ ಕೆಡುಕು ಮಾಡಬಾರದೆಂಬ ಕಟ್ಟಳೆ ಬಿಗಿಯಾಗಿ, ಅನ್ಯರಿಗೆ ನೆರವಾಗಬೇಕೆಂಬ ಕಟ್ಟಳೆ ಸಡಿಲವಾಗಿ ಇರುವುದೇಕೆ ಎಂಬುದನ್ನು ಅವರು ಇದರಿಂದಲೇ ವಿವರಿಸುತ್ತಾರೆ. ಕೆಡುಕಿನ ಭಯ ಎಲ್ಲರಿಗೂ ಇದ್ದದ್ದರಿಂದ ಮೊದಲನೆಯದಕ್ಕೆ ಎಲ್ಲರೂ ಒಪ್ಪಿದರು. ನೆರವಿನ ಲಾಭ ಹೆಚ್ಚಾಗಿ ಬಡವರಿಗೆ ಆಗುವುದರಿಂದ ಎರಡನೆಯದಕ್ಕೆ ಸಿರಿವಂತರು ಅರೆಮನಸ್ಸಿನಿಂದ ಒಪ್ಪಿದರು. ಗೇಣಿಯ ಸಂಬಂಧವನ್ನು ಕಂಡ ಯಾರಿಗೂ ಈ ವಿವರಣೆಯಲ್ಲಿ ಹುರುಳಿದೆಯೆಂದು ತೋರುತ್ತದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಚೌಕಾಸಿಗೆ ಕೂತವರಲ್ಲಿ ಒಬ್ಬನಿಗೆ ಬೇರೆ ಗದ್ದೆಯಿಲ್ಲದಿದ್ದರೆ, ಒಪ್ಪದಿದ್ದರೆ ಮಳೆಗಾಲಕ್ಕೆ ಅಕ್ಕಿಯಿಲ್ಲದಿದ್ದರೆ, ಆ ಒಪ್ಪಂದವೇ ನ್ಯಾಯವೇ? ಈ ಪ್ರಶ್ನೆಯನ್ನು ನಾವು ಅರ್ಥಪೂರ್ಣವಾಗಿ ಕೇಳಬಲ್ಲೆವು. ನೀತಿ ಒಪ್ಪಂದವೇ ಆಗಿದ್ದರೆ, ಇದನ್ನು ಕೇಳುವುದಕ್ಕೇ ನಮಗೆ ಮಾತು ಇರಬಾರದಿತ್ತು.

ಕಾಗೋಡಿನ ಗೇಣಿದಾರರಿಗೆ ಕೊಳಗದ ಮಟ್ಟಿಗೆ ತೋರಿಸಲು ಒಂದು ಮಾನ್ಯ ಅಳತೆಯಾದರೂ ಇತ್ತು. ತಮಗೆ ಲಾಭವಾಗುವ ಚಿಕ್ಕ ಕೊಳಗವನ್ನು ಅವರು ಕೇಳಲಿಲ್ಲ, ಇಬ್ಬರಿಗೂ ಒಂದೇ ಕೊಳಗ ಇರಲೆಂದು ಕೇಳಿದರು. ಆದರೆ ಸರಿಯಾದ ಕೊಳಗದಿಂದಲೇ ಅಳೆದರೂ, ಬೆವರು ಸುರಿಸಿದವನ ರಾಶಿಯಲ್ಲಿ ಸುರಿಸದವನ ಪಾಲು ಎಷ್ಟು ಎಂಬುದಕ್ಕೆ ಮುದ್ರೆಯೊತ್ತಿದ ಅಳತೆ ಎಲ್ಲೂ ಇರಲಿಲ್ಲ. ಅದನ್ನು ವಾದಿಸಿಯೇ ಗೆಲ್ಲಬೇಕಿತ್ತು; ಉಳುವವನೇ ನೆಲದೊಡೆಯ ಎಂಬ ಮಾತು ಊರೂರಿನಲ್ಲಿ, ಚುನಾವಣೆಗಳಲ್ಲಿ, ವಿಧಾನಸಭೆಯಲ್ಲಿ ಎರಡು ದಶಕ ಎಳೆದಾಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಲ್ಲಿ ಕಾನೂನಾಯಿತು. ಅನಂತರ ಗೇಣಿದಾರರು ಉತ್ತ ನೆಲದ ಹಕ್ಕು ಕೋರುವ ಏಳನೆಯ ನಮೂನೆಯ ಅರ್ಜಿ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ‘ನಾನೇ ಉಳುಮೆ ಮಾಡಿಸುತ್ತಿದ್ದೆ’ ಎಂದ ಒಡೆಯರಿದ್ದರು, ‘ಉತ್ತವನು ನಾನು’ ಎಂದ ಗೇಣಿದಾರರಿದ್ದರು. ಮಂಡಳಿ ಅಕ್ಕಪಕ್ಕದ ಗದ್ದೆಯವರನ್ನು ಕರೆದು ಕೇಳಿತು: ಈ ಗದ್ದೆಗೆ ನೇಗಿಲು ಕಟ್ಟುತ್ತಿದ್ದವರು ಯಾರು?